ಛೇದ ಎಲ್ಲಿದೆ? ಎರಡು ತಿಂಗಳ ಕ್ಯಾನ್ಸರ್ ಪ್ರಾಜೆಕ್ಟಿಗೆ ಹೊರಟವರಿಗೆ

ಎಲ್ಲರಿಗೂ ನಮಸ್ಕಾರ. ವೇದಿಕೆಯ ಮೇಲಿರುವವರನ್ನು ಒಬ್ಬೊಬ್ಬರಾಗಿ ಸ್ಮರಿಸುತ್ತಾ ಹೋದರೆ ನನಗೆ ಕೊಟ್ಟಿರುವ ನಲವತ್ತು ನಿಮಿಷದಲ್ಲಿ ಐದು ಅಲ್ಲೇ ಹೋಗುತ್ತದೆ. ಅವರು ಕ್ಷಮಿಸುತ್ತಾರೆ, ನೀವಂತೂ ಖಂಡಿತ ಕ್ಷಮಿಸುತ್ತೀರಿ.

ನಿಮ್ಮಲ್ಲಿ ಅರ್ಧ ಜನ ಐಸಿಎಂಆರ್‌ನ ಎಸ್‌ಟಿಎಸ್‌ಗೆ, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ವಿದ್ಯಾರ್ಥಿಗಳಿಗೆ ಕೊಡುವ ಅಲ್ಪಾವಧಿ ಸಂಶೋಧನಾ ವಿದ್ಯಾರ್ಥಿವೇತನಕ್ಕೆ ಹೊರಟವರು. 1979ರಿಂದ ನಡೆದುಬಂದಿರುವ ಯೋಜನೆ, ಈ ಸಭೆಯಲ್ಲಿ ಅದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇನ್ನು ಕೆಲವರು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ನಲ್ಲಿ ಲ್ಯಾಬ್ ಸೇರುವವರು. ಕೆಲವರು ಅದೂ ಇಲ್ಲ, ಇದೂ ಇಲ್ಲ, ಗೈಡ್ ಹೇಳಿದ್ದಾರೆ ಅಂತ ಹೊರಟವರು. ಎಲ್ಲರಿಗೂ ಇರುವುದು ಎರಡೇ ತಿಂಗಳು, ಎಂಟು ವಾರ ಅನ್ನಿ. ಅದರಲ್ಲಿ ಭಾನುವಾರ ಕಳೆದರೆ 48 ದಿನ. ಸರ್ಕಾರಿ ರಜೆ, ಗೈಡ್ ಮದುವೆಗೆ ಹೋಗುವ ದಿನ, ಕರೆಂಟ್ ಇಲ್ಲದ ದಿನ ನೀವೇ ಕಳೆದುಕೊಳ್ಳಿ.

ಇಂಥ 48 ದಿನಕ್ಕೆ ಬರುವ ಶೀರ್ಷಿಕೆಗಳು ಹೇಗಿರುತ್ತವೆ? ‘ಗ್ರಾಮೀಣ ಕರ್ನಾಟಕದಲ್ಲಿ ಬಾಯಿ ಕ್ಯಾನ್ಸರ್ ತಡೆ’. ‘ಔಷಧೀಯ ಸಸ್ಯಗಳಿಂದ ಸ್ತನ ಕ್ಯಾನ್ಸರ್ ಚಿಕಿತ್ಸೆ’. ಗ್ರಾಮೀಣ ಕರ್ನಾಟಕ ಅಂದರೆ ಬೀದರಿನಿಂದ ಚಾಮರಾಜನಗರದವರೆಗೆ, ನಿಮ್ಮ ಕೈಯಲ್ಲಿ ಇರುವುದು ಒಂದು ಸ್ಕೂಟಿ. ಹಾಗಂತ ಶೀರ್ಷಿಕೆ ದೊಡ್ಡದಾಯಿತು ಅನ್ನುವುದು ನನ್ನ ತಕರಾರಲ್ಲ, ಅದನ್ನು ಗೈಡ್ ಹೇಗೂ ಕತ್ತರಿಸುತ್ತಾರೆ. ನನ್ನ ತಕರಾರು ಛೇದದ್ದು. ಭಿನ್ನರಾಶಿ ನೆನಪಿದೆಯಲ್ಲ? ಗೆರೆಯ ಮೇಲಿರುವುದು ಅಂಶ, ಕೆಳಗಿರುವುದು ಛೇದ. ಎಷ್ಟು ಜನರಲ್ಲಿ ಕಂಡಿತು ಅನ್ನುವುದು ಅಂಶ. ಒಟ್ಟು ಎಷ್ಟು ಜನರನ್ನು ನೋಡಿದಿರಿ, ಅವರು ಎಲ್ಲಿಂದ ಬಂದವರು, ಯಾರು ಬಿಟ್ಟುಹೋದರು ಅನ್ನುವುದು ಛೇದ. ವಿದ್ಯಾರ್ಥಿಗಳ ವರದಿಗಳಲ್ಲಿ ಅಂಶ ಥಳಥಳ ಹೊಳೆಯುತ್ತಿರುತ್ತದೆ, ಛೇದವನ್ನು ಹುಡುಕಬೇಕು. ಈ ಮಾತನ್ನು ಇವತ್ತು ಎಂಟು ಹತ್ತು ಸಲ ಹೇಳುತ್ತೇನೆ, ಬೇಸರವಾದರೆ ಲೆಕ್ಕ ಇಡಿ.

ಒಂದು ಹಳೆಯ ಕಥೆಯಿಂದ ಶುರು ಮಾಡೋಣ. ನಿಮಗೆಲ್ಲ ಅದರ ಕೊನೆ ಗೊತ್ತು, ನಡು ಗೊತ್ತಿಲ್ಲ. ವೈದ್ಯ ರಿಚರ್ಡ್ ಡಾಲ್ ಮತ್ತು ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್, ಲಂಡನ್, ವರದಿ ಬಂದದ್ದು 1950ರಲ್ಲಿ. ಶ್ವಾಸಕೋಶದ ಕ್ಯಾನ್ಸರ್ ಯಾಕೆ ಇಷ್ಟು ಏರುತ್ತಿದೆ ಅಂತ ನೋಡಲು ಹೊರಟರು. ಡಾಲ್‌ಗೆ ಮೊದಲಿಗೆ ಗುಮಾನಿ ಇದ್ದದ್ದು ಸಿಗರೇಟಿನ ಮೇಲಲ್ಲ, ರಸ್ತೆಗೆ ಹಾಕುವ ಡಾಂಬರು ಮತ್ತು ಕಾರಿನ ಹೊಗೆಯ ಮೇಲೆ. ಅವರೇ ಸಿಗರೇಟು ಸೇದುತ್ತಿದ್ದರು. ಇಪ್ಪತ್ತು ಆಸ್ಪತ್ರೆಗಳಿಗೆ ಹೇಳಿಟ್ಟರು. ಸಂದರ್ಶನಕ್ಕೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯರನ್ನು ನೇಮಿಸಿಕೊಂಡರು. ಕ್ಯಾನ್ಸರ್ ಬಂದ 649 ಗಂಡಸರು ಸಿಕ್ಕರು. ಅವರಲ್ಲಿ ಸಿಗರೇಟು, ಪೈಪು ಏನೂ ಸೇದದವರು ಎಷ್ಟು ಜನ ಗೊತ್ತೆ? ಇಬ್ಬರು. 649ರಲ್ಲಿ 647 ಜನ ಸೇದುವವರು, ಶೇ. 99.7.

ಇಲ್ಲಿಗೆ ನಿಲ್ಲಿಸಿಬಿಟ್ಟರೆ ಏನಾಗುತ್ತಿತ್ತು? ಎಸ್‌ಟಿಎಸ್ ವರದಿ ಆಗುತ್ತಿತ್ತು! ಬಣ್ಣದ ಪೈ ಚಾರ್ಟ್, ಅದರಲ್ಲಿ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಒಂದು ಗೆರೆ, ಕೆಳಗೆ ‘ಆದ್ದರಿಂದ ಧೂಮಪಾನವೇ ಕಾರಣ’.

ಅವರು ನಿಲ್ಲಿಸಲಿಲ್ಲ. ಪ್ರತಿ ರೋಗಿಗೂ ಅದೇ ಆಸ್ಪತ್ರೆಯಲ್ಲಿ, ಅದೇ ಸುಮಾರಿನಲ್ಲಿ ಬೇರೆ ಕಾಯಿಲೆಗೆ ಬಂದ, ಅದೇ ಐದು ವರ್ಷದ ವಯೋಗುಂಪಿನ ಇನ್ನೊಬ್ಬ ಗಂಡಸನ್ನು ಜೋಡಿ ಮಾಡಿದರು. ಆ 649 ಜನರಲ್ಲಿ ಸೇದದವರು 27. ಅಂದರೆ ಕ್ಯಾನ್ಸರ್ ಇಲ್ಲದವರಲ್ಲೂ ಶೇ. 95.8 ಸೇದುವವರೇ. ಯುದ್ಧ ಮುಗಿದ ಲಂಡನ್, ಗಂಡಸರೆಲ್ಲ ಸೇದುತ್ತಿದ್ದರು. 99.7 ಅನ್ನುವ ಭಾರಿ ಸಂಖ್ಯೆಯ ಪಕ್ಕದಲ್ಲಿ 95.8 ಇಟ್ಟಾಗ ಅದರ ಅಬ್ಬರ ಇಳಿಯಿತು. ಆದರೆ ನಿಜವಾದ ವಿಷಯ ಆಗ ಕಾಣಿಸಿತು: 2 ಮತ್ತು 27. ಜೊತೆಗೆ ಪ್ರಮಾಣ. ಸೇದುವವರಲ್ಲಿ ದಿನಕ್ಕೆ 25 ಅಥವಾ ಅದಕ್ಕಿಂತ ಹೆಚ್ಚು ಸಿಗರೇಟಿನವರು ಕ್ಯಾನ್ಸರ್ ಗುಂಪಿನಲ್ಲಿ ಶೇ. 26, ಇನ್ನೊಂದರಲ್ಲಿ 13.5. ಡಾಲ್ ಸಿಗರೇಟು ಬಿಟ್ಟರು.

ಈ ಕಥೆಯಲ್ಲಿ ನಿಮಗೆ ಬೇಕಾದ ಎರಡು ಸಣ್ಣ ಸಂಗತಿ ಇವೆ, ಯಾರೂ ಹೇಳುವುದಿಲ್ಲ. ಒಂದು, ‘ಸೇದುವವನು’ ಅಂದರೆ ಯಾರು ಅಂತ ಮೊದಲೇ ಬರೆದಿಟ್ಟುಕೊಂಡಿದ್ದರು: ದಿನಕ್ಕೆ ಒಂದಾದರೂ ಸಿಗರೇಟು, ಕನಿಷ್ಠ ಒಂದು ವರ್ಷ. ಮದುವೆ ಮನೆಯಲ್ಲಿ ಒಂದು ದಮ್ಮು ಎಳೆದವನು ಲೆಕ್ಕಕ್ಕಿಲ್ಲ. ಎರಡು, 50 ಜನರನ್ನು ಆರು ತಿಂಗಳು ದಾಟಿದ ಮೇಲೆ ಮತ್ತೆ ಹಿಡಿದು ಅದೇ ಪ್ರಶ್ನೆ ಕೇಳಿದರು, ಉತ್ತರ ಎಷ್ಟು ಕದಲುತ್ತದೆ ನೋಡಲು. ನಿಮಗೆ ಆರು ತಿಂಗಳು ಇಲ್ಲ, ನಿಜ. ಆದರೆ ಮೊದಲ ವಾರ ಕಂಡ ಹದಿನೈದು ಜನರನ್ನು ನಾಲ್ಕನೇ ವಾರ ಮತ್ತೆ ಕೇಳಬಹುದಲ್ಲ? ಎರಡು ದಿನದ ಕೆಲಸ. ಅದರಿಂದ ಬರುವ ಒಂದು ಸಾಲು ನಿಮ್ಮ ವರದಿಗೆ ಇಪ್ಪತ್ತು ಪೈ ಚಾರ್ಟಿಗಿಂತ ಹೆಚ್ಚು ಮರ್ಯಾದೆ ತರುತ್ತದೆ.

ಸರಿ, ಈಗ ನಮ್ಮ ಕಡೆಗೆ ಬರೋಣ. ತಡೆಗಟ್ಟುವಿಕೆಯ ಪ್ರಾಜೆಕ್ಟ್ ಅಂದರೆ ನಮ್ಮಲ್ಲಿ ಬಹುಪಾಲು ಹೊಗೆಸೊಪ್ಪು ಮತ್ತು ಅಡಿಕೆಯ ಸರ್ವೆ. ಪ್ರಶ್ನಾವಳಿಯನ್ನು ಇಂಗ್ಲಿಷಿನಲ್ಲಿ ಬರೆದು, ಸಾಲುಸಾಲು ಕನ್ನಡ ಮಾಡಿ, ‘ನೀವು ತಂಬಾಕು ಉತ್ಪನ್ನಗಳನ್ನು ಸೇವಿಸುತ್ತೀರಾ?’ ಅಂತ ಒಬ್ಬ ಅಜ್ಜಿಯನ್ನು ಕೇಳುತ್ತೀರಿ. ಅಜ್ಜಿ ಏನನ್ನುತ್ತಾರೆ? “ಅಯ್ಯೋ ಇಲ್ಲ ಕಣಪ್ಪ, ಅವೆಲ್ಲ ಗಂಡಸ್ರ ಚಟ.” ನೀವು ‘ಇಲ್ಲ’ಕ್ಕೆ ಗುರುತು ಹಾಕುತ್ತೀರಿ. ಅಜ್ಜಿ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಅಡಿಕೆ ಹೋಳು ಇಟ್ಟು, ಚಿಟಿಕೆ ಕಡ್ಡಿಪುಡಿ ಉದುರಿಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಕಡ್ಡಿಪುಡಿ ಅಂದರೆ ಹೊಗೆಸೊಪ್ಪಿನ ಕಡ್ಡಿಯ ಪುಡಿ. ಅಜ್ಜಿಯ ಲೆಕ್ಕದಲ್ಲಿ ಅದು ಎಲೆ ಅಡಿಕೆಗೆ ಸೇರಿದ್ದು, ತಂಬಾಕು ಅಂದರೆ ಬೀಡಿ. ಅಜ್ಜಿ ಸುಳ್ಳು ಹೇಳಲಿಲ್ಲ, ನಿಮ್ಮ ಪ್ರಶ್ನೆ ತಪ್ಪಿತು.

ಹೀಗೆ ಕೇಳಿ: “ಎಲೆ ಅಡಿಕೆ ಹಾಕ್ತೀರಾ ಅಜ್ಜಿ? ಜೊತೆಗೆ ಏನೇನು ಹಾಕ್ಕೊಳ್ತೀರಾ, ಒಂದ್ಸಲ ಸಂಚಿ ತೋರಿಸ್ತೀರಾ?” ಸಂಚಿ ನೋಡಿ ನೀವೇ ಬರೆದುಕೊಳ್ಳಿ: ಎಲೆ, ಅಡಿಕೆ, ಸುಣ್ಣ, ಕಡ್ಡಿಪುಡಿ, ಹೊಗೆಸೊಪ್ಪು, ಒಂದೊಂದಕ್ಕೂ ಬೇರೆ ಕಾಲಂ. ದಿನಕ್ಕೆ ಎಷ್ಟು ಸಲ, ಒಂದು ಸಲ ಹಾಕಿದರೆ ಎಷ್ಟು ಹೊತ್ತು ಬಾಯಲ್ಲಿ ಇರುತ್ತದೆ, ಯಾವ ದವಡೆಯಲ್ಲಿ ಒತ್ತರಿಸಿಕೊಳ್ಳುತ್ತಾರೆ, ರಾತ್ರಿ ಬಾಯಲ್ಲಿಟ್ಟುಕೊಂಡೇ ಮಲಗುತ್ತಾರಾ. ತಂಬಾಕು ಇರುವ ಹಲ್ಲುಪುಡಿ, ನಶ್ಯ ಬೇರೆ ಕೇಳಬೇಕು. ಗುಟ್ಕಾ ಕರ್ನಾಟಕದಲ್ಲಿ 2013ರಿಂದ ನಿಷೇಧ. ಈಗ ಪಾನ್ ಮಸಾಲದ ಚೀಟಿ ಒಂದು, ತಂಬಾಕಿನ ಚೀಟಿ ಒಂದು, ಕೊಂಡವನು ಅಂಗೈಯಲ್ಲಿ ತಾನೇ ಬೆರೆಸಿಕೊಳ್ಳುತ್ತಾನೆ. ‘ಗುಟ್ಕಾ ತಿನ್ನುತ್ತೀರಾ’ ಅಂದರೆ ‘ಇಲ್ಲ ಸಾರ್’ ಅನ್ನುತ್ತಾನೆ, ಅವನದೂ ಸುಳ್ಳಲ್ಲ.

ಅಡಿಕೆಯನ್ನು ಪ್ರತ್ಯೇಕ ಕಾಲಂನಲ್ಲಿ ಬರೆಯಿರಿ ಅಂದೆ, ಕಾರಣ ಇದೆ. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆ ತಾನೇ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2004ರಲ್ಲಿ ಪ್ರಕಟಿಸಿದೆ. ಶಿವಮೊಗ್ಗ, ಶಿರಸಿ ಕಡೆಯವರು ಮುಖ ಸಣ್ಣ ಮಾಡಿಕೊಳ್ಳಬೇಡಿ, ಇಲ್ಲಿ ಎಷ್ಟೋ ಜನರ ಫೀಸು ಅಡಿಕೆ ತೋಟದಿಂದಲೇ ಬಂದದ್ದು ಅಂತ ಗೊತ್ತಿದೆ. ಆದರೆ ಬಾಯಿಯ ಒಳಚರ್ಮ ನಾರುಗಟ್ಟಿ ಬಾಯಿ ತೆರೆಯಲಾಗದ ಆ ಕಾಯಿಲೆ, ಸಬ್‌ಮ್ಯೂಕಸ್ ಫೈಬ್ರೋಸಿಸ್, ಅದಕ್ಕೆ ಮುಖ್ಯ ಕಾರಣ ಅಡಿಕೆಯೇ.

ಆ ಕಾಯಿಲೆ ಎರಡು ತಿಂಗಳ ಪ್ರಾಜೆಕ್ಟಿಗೆ ಬಹಳ ಒಳ್ಳೆಯ ವಿಷಯ, ಯಾಕೆಂದರೆ ಅದನ್ನು ಅಳೆಯಬಹುದು. ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ಅಂಚಿನ ನಡುವಿನ ಅಂತರ, ಮಿಲಿಮೀಟರಿನಲ್ಲಿ. ದೊಡ್ಡವರಲ್ಲಿ ಸಾಮಾನ್ಯವಾಗಿ 35ರಿಂದ 50ರವರೆಗೆ ಇರುತ್ತದೆ. ಹಳ್ಳಿಯಲ್ಲಿ ನಿಂತು ಮೂರು ಬೆರಳು ಹೋಗುತ್ತದಾ ನೋಡುತ್ತಾರೆ. ಅದು ತಪಾಸಣೆಗೆ ಸಾಕು, ಅಧ್ಯಯನಕ್ಕೆ ಸಾಲದು. ಬೆರಳು ಯಾರದ್ದು? ವರ್ನಿಯರ್ ಕ್ಯಾಲಿಪರ್ ತೆಗೆದುಕೊಳ್ಳಿ. ಬೆಳಿಗ್ಗೆ ಮೊದಲು ಕ್ಯಾಲಿಪರಿನ ದವಡೆ ಮುಚ್ಚಿ ಸೊನ್ನೆ ತೋರಿಸುತ್ತದಾ ನೋಡಿ, ಅರ್ಧ ಮಿಲಿಮೀಟರ್ ತಪ್ಪಿದ್ದರೆ ಬರೆದಿಟ್ಟು ಕಳೆಯಿರಿ. ಮೂರು ಸಲ ಅಳೆದು, ಸರಾಸರಿ ತೆಗೆಯಿರಿ. ಮೂರು ಸಲವೂ ಬಾಯಿ ಮುಚ್ಚಿಸಿ ಮತ್ತೆ ತೆರೆಸಬೇಕು, ಒಂದೇ ಸಲ ತೆರೆಸಿ ಮೂರು ಸಲ ಓದಿದರೆ ಅದು ಒಂದೇ ಅಳತೆ. ಒಬ್ಬೊಬ್ಬರ ನಡುವೆ ಸ್ಪಿರಿಟ್ ಹತ್ತಿಯಲ್ಲಿ ಒರೆಸಿದ ಕ್ಯಾಲಿಪರ್ ಒಣಗಬೇಕು. ಆದ್ದರಿಂದ ಎರಡು ಕ್ಯಾಲಿಪರ್ ಬೇಕು.

ಇಲ್ಲಿ ಎಡವುವುದು ಎಲ್ಲಿ? ಹಲ್ಲಿಲ್ಲದವರ ಹತ್ತಿರ. ಅರವತ್ತು ದಾಟಿದ, ವರ್ಷಗಟ್ಟಲೆ ಎಲೆ ಅಡಿಕೆ ಹಾಕಿದವರಿಗೆ ಮುಂದಿನ ಹಲ್ಲೇ ಇರುವುದಿಲ್ಲ. ಒಸಡಿನಿಂದ ಒಸಡಿಗೆ ಅಳೆದರೆ ಹಲ್ಲಿನ ಉದ್ದ ಸೇರಿ ಬಾಯಿ ಸಲೀಸಾಗಿ ತೆರೆದಂತೆ ಕಾಣುತ್ತದೆ. ಅವರನ್ನು ಬಿಟ್ಟುಬಿಟ್ಟರೆ ಅತಿ ಹೆಚ್ಚು ವರ್ಷ ಅಗಿದವರೇ ಅಧ್ಯಯನದಿಂದ ಹೊರಗೆ ಹೋದರು. ಎರಡೂ ತಪ್ಪು. ಅವರನ್ನು ಬೇರೆ ಪಟ್ಟಿಯಲ್ಲಿ ಬರೆಯಿರಿ, ಎಷ್ಟು ಜನ ಅಂತ ಹೇಳಿ. ಛೇದ, ನೋಡಿ, ಬಂತು.

ಬಾಯಿ ಪರೀಕ್ಷೆ ಮಾಡುವವರಿಗೆ ಇನ್ನೊಂದು ಮಾತು. ಪ್ರಾಥಮಿಕ ಆರೋಗ್ಯ ಕೇಂದ್ರದ ಟ್ಯೂಬ್‌ಲೈಟ್ ನಂಬಬೇಡಿ, ಹಣೆಗೆ ಕಟ್ಟುವ ಟಾರ್ಚ್ ಒಯ್ಯಿರಿ, ಎರಡೂ ಕೈ ಬಿಡುವಾಗಿರುತ್ತವೆ. ತುಟಿ, ಎರಡೂ ಕೆನ್ನೆಯ ಒಳಭಾಗ, ನಾಲಿಗೆಯ ಪಕ್ಕ, ನಾಲಿಗೆಯ ಅಡಿ, ಅಂಗುಳ, ಪ್ರತಿ ಸಲ ಅದೇ ಕ್ರಮ. ಎಲ್ಲರೂ ತಪ್ಪಿಸುವ ಜಾಗ ಒಂದೇ: ಕೆಳದವಡೆಯ ಒಸಡಿಗೂ ಕೆನ್ನೆಗೂ ನಡುವಿನ ಕಂದಕ. ಅಗಿದದ್ದನ್ನು ಒತ್ತರಿಸಿಟ್ಟುಕೊಳ್ಳುವುದು ಅಲ್ಲೇ, ನಮ್ಮ ದೇಶದ ಬಾಯಿ ಕ್ಯಾನ್ಸರ್ ಹೆಚ್ಚು ಕಾಣುವುದೂ ಅಲ್ಲೇ. ಕನ್ನಡಿಯಿಂದ ಕೆನ್ನೆಯನ್ನು ಹೊರಗೆ ಎಳೆಯದೆ ಅದು ಕಾಣುವುದಿಲ್ಲ. ಬಿಳಿ ಮಚ್ಚೆ ಕಂಡರೆ ಗಾಜ್ ಬಟ್ಟೆಯಿಂದ ಒರೆಸಿ. ಒರೆಸಿದರೆ ಹೋಗುವುದು ಲ್ಯೂಕೋಪ್ಲೇಕಿಯ, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಮಚ್ಚೆ, ಅಲ್ಲ.

ಈಗ ಸ್ಯಾಂಪಲ್ ಸೈಜ್, ಅಂದರೆ ಎಷ್ಟು ಜನರನ್ನು ನೋಡಬೇಕು ಅನ್ನುವ ಲೆಕ್ಕ. ಸಮುದಾಯ ವೈದ್ಯಶಾಸ್ತ್ರದವರು ಸಭೆಯಲ್ಲಿ ಇದ್ದಾರೆ, ಹುಷಾರಾಗಿ ಮಾತಾಡಬೇಕು. ‘4ಪಿಕ್ಯೂ ಬೈ ಡಿ ಸ್ಕ್ವೇರ್’. ಗಾಯತ್ರಿ ಮಂತ್ರದ ಹಾಗೆ ಬಾಯಿಪಾಠ. ಆ 4 ಎಲ್ಲಿಂದ ಬಂತು ಅಂತ ಕೇಳಿದರೆ ಮಾತ್ರ ಸದ್ದಿಲ್ಲ. 1.96ರ ವರ್ಗ 3.84, ಅದನ್ನು ದುಂಡು ಮಾಡಿದ್ದು. ಪಿ ಅಂದರೆ ಶೇಕಡಾ ಎಷ್ಟು ಜನರಲ್ಲಿ ಇರಬಹುದು ಅನ್ನುವ ಅಂದಾಜು, ಕ್ಯೂ ಅಂದರೆ ನೂರರಲ್ಲಿ ಉಳಿದದ್ದು, ಡಿ ಅಂದರೆ ನಾವು ಒಪ್ಪಿಕೊಳ್ಳುವ ಹೆಚ್ಚುಕಮ್ಮಿ. ಪಿ 50, ಡಿ 5 ಇಟ್ಟರೆ 400 ಬರುತ್ತದೆ. ಎಲ್ಲ ಪ್ರಸ್ತಾವಗಳಲ್ಲೂ 400. ಒಂದು ಕೂಡು-ಕಳೆ ಮಾಡೋಣ. ಮೊದಲ ವಾರ ಅನುಮತಿ, ಪೈಲಟ್, ಅಂದರೆ ಕೆಲವೇ ಜನರ ಮೇಲೆ ಪರೀಕ್ಷಾರ್ಥ ಸುತ್ತು. ಕೊನೆಯ ಎರಡು ವಾರ ಡೇಟಾ ಎಂಟ್ರಿ, ವರದಿ. ಉಳಿದದ್ದು ಐದು ವಾರ, 30 ದಿನ. 400ನ್ನು 30ರಿಂದ ಭಾಗಿಸಿದರೆ ದಿನಕ್ಕೆ 13ಕ್ಕೂ ಮೇಲು. ಸಮ್ಮತಿ, ಪ್ರಶ್ನೆ, ಬಾಯಿ ಪರೀಕ್ಷೆ ಸೇರಿ ಒಬ್ಬರಿಗೆ ಅರ್ಧ ಗಂಟೆ. ಊಟ, ತಿರುಗಾಟ ಬಿಟ್ಟು ಆರೂವರೆ ಗಂಟೆಗೂ ಹೆಚ್ಚು, ಬಿಡುವಿಲ್ಲದೆ, ಮೂವತ್ತು ದಿನ. ಆಗುವುದಿಲ್ಲ. ಆಗದಿದ್ದಾಗ ಮೂರನೇ ವಾರದಿಂದ ಫಾರಂಗಳು ಹಾಸ್ಟೆಲ್ ರೂಮಿನಲ್ಲಿ ತುಂಬಲು ಶುರುವಾಗುತ್ತವೆ. ನಗುತ್ತಿದ್ದೀರಿ, ಅಂದರೆ ಗೊತ್ತಿದೆ.

ಉಲ್ಟಾ ಲೆಕ್ಕ ಮಾಡಿ. ದಿನಕ್ಕೆ ಆರು ಜನ ಪ್ರಾಮಾಣಿಕವಾಗಿ ಆಗುತ್ತದೆ. 30 ದಿನಕ್ಕೆ 180. ಸೂತ್ರದಲ್ಲಿ ಡಿ ಜಾಗಕ್ಕೆ 7.5 ಹಾಕಿ ನೋಡಿ: 10,000 ಭಾಗಿಸು 56.25, ಅಂದರೆ 178. ಹೆಚ್ಚುಕಮ್ಮಿ ಏಳೂವರೆ ಅನ್ನುವ ಅನಿಶ್ಚಿತತೆಯನ್ನು ಒಪ್ಪಿಕೊಂಡು 180 ನಿಜವಾದ ಜನ ಸಾಕು. ಇನ್ನೊಂದು ಹಾಳೆ ಜೇಬಿನಲ್ಲಿ ಇರಲಿ. ಬೇಡ ಅಂದವರಿಗೆ ಅದರಲ್ಲಿ ಒಂದೊಂದು ಗೀಟು, ಹೆಸರು ಬೇಡ, ಗಂಡೋ ಹೆಣ್ಣೋ, ಅಂದಾಜು ವಯಸ್ಸು. 180 ಜನ ಒಪ್ಪಿದರು ಅನ್ನುವುದಕ್ಕೂ, 240 ಜನರನ್ನು ಕೇಳಿದೆವು, 180 ಒಪ್ಪಿದರು, ಬೇಡ ಅಂದ 60ರಲ್ಲಿ 45 ಗಂಡಸರು ಅನ್ನುವುದಕ್ಕೂ ಎಷ್ಟು ವ್ಯತ್ಯಾಸ!

ಜನರ ಹತ್ತಿರ ಹೋಗಲು ಸಂಕೋಚ ಇರುವವರು ಅಂಗಡಿಗಳನ್ನು ಎಣಿಸಬಹುದು. ಕೋಟ್ಪಾ, ಅಂದರೆ ಕೇಂದ್ರದ ತಂಬಾಕು ನಿಯಂತ್ರಣ ಕಾಯ್ದೆಯ ಪ್ರಕಾರ ಶಾಲೆಯ ಕಾಂಪೌಂಡಿನಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. 100 ಗಜ ಅಂದರೆ 91 ಮೀಟರ್ ಚಿಲ್ಲರೆ, ಅಳೆಯಬೇಕಾದ್ದು ನೇರ ಗೆರೆಯಲ್ಲಿ, ರಸ್ತೆ ಸುತ್ತಿಕೊಂಡು ಅಲ್ಲ, ಗೇಟಿನಿಂದಲೂ ಅಲ್ಲ. ಆ ವೃತ್ತದೊಳಗಿನ ಎಲ್ಲ ಅಂಗಡಿಗಳನ್ನು ಬರೆದುಕೊಳ್ಳಿ, ತಂಬಾಕು ಮಾರದವನ್ನೂ. ಯಾಕೆ ಅಂತ ಇಷ್ಟರಲ್ಲಿ ನಿಮಗೇ ಗೊತ್ತಾಗಿರಬೇಕು.

ಪತ್ತೆ ಹಚ್ಚುವ ವಿಷಯಕ್ಕೆ ಬರುತ್ತೇನೆ. ಇಲ್ಲಿ ಛೇದ ಇನ್ನೂ ಕಿಲಾಡಿ. ಒಂದು ಹಳ್ಳಿಯಲ್ಲಿ 1,000 ಜನ. ಅವರಲ್ಲಿ 5 ಜನರಿಗೆ ಕಾಯಿಲೆ ಇದೆ ಅಂತಿಟ್ಟುಕೊಳ್ಳಿ. ನಿಮ್ಮ ತಪಾಸಣೆ ಕಾಯಿಲೆ ಇದ್ದ ಹತ್ತರಲ್ಲಿ ಎಂಟನ್ನು ಹಿಡಿಯುತ್ತದೆ, ಇಲ್ಲದ ಹತ್ತರಲ್ಲಿ ಒಂಬತ್ತನ್ನು ಸರಿಯಾಗಿ ಬಿಡುತ್ತದೆ. ಕೇಳಲು ಚೆನ್ನಾಗಿದೆ. ಲೆಕ್ಕ ಮಾಡಿ: 5ರಲ್ಲಿ 4 ಸಿಕ್ಕಿತು. ಉಳಿದ 995ರಲ್ಲಿ ಹತ್ತನೇ ಒಂದು ಭಾಗ, ಸುಮಾರು 100 ಜನ, ಸುಮ್ಮಸುಮ್ಮನೆ ಪಾಸಿಟಿವ್. ನೀವು ‘ಇದೆ’ ಅಂತ ಕರೆದ 104 ಜನರಲ್ಲಿ ನಿಜವಾಗಿ ಇರುವುದು 4 ಜನರಿಗೆ. ಅದೇ ಟಾರ್ಚು, ಅದೇ ಕಣ್ಣು ತೆಗೆದುಕೊಂಡು ಕ್ಯಾನ್ಸರ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೂತುಕೊಳ್ಳಿ. ಅಲ್ಲಿ 1,000ದಲ್ಲಿ 200 ಜನರಿಗೆ ಕಾಯಿಲೆ ಇದೆ ಅನ್ನಿ. 160 ಸಿಕ್ಕಿತು, ಸುಳ್ಳು 80. 240ರಲ್ಲಿ 160, ಮೂರರಲ್ಲಿ ಎರಡು ನಿಜ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ‘ಹಳ್ಳಿಗಳಿಗೆ ಈ ವಿಧಾನ ಸೂಕ್ತ’ ಅಂತ ಬರೆಯುವವರು ಪ್ರತಿ ವರ್ಷ ಇರುತ್ತಾರೆ. ಅವರು ಆ 100 ಮನೆಗಳಿಗೆ ಹೋಗಿ ನಿಮಗೇನೂ ಇಲ್ಲ ಅಂತ ಹೇಳಿ ಬರಬೇಕು, ಆಗ ಗೊತ್ತಾಗುತ್ತದೆ.

ಗರ್ಭಕೊರಳಿನ ತಪಾಸಣೆ ತೆಗೆದುಕೊಳ್ಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಎನ್‌ಎಫ್‌ಎಚ್‌ಎಸ್-5ರ ಪ್ರಕಾರ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಈ ತಪಾಸಣೆ ಆದವರು ದೇಶದಲ್ಲಿ ಶೇ. 1.9. ವಿಐಎ ಅಂದರೆ ಅಸಿಟಿಕ್ ಆಮ್ಲ ಸವರಿ ಬರಿಗಣ್ಣಿನಲ್ಲಿ ನೋಡುವುದು. ಶುದ್ಧ ಗ್ಲೇಷಿಯಲ್ ಅಸಿಟಿಕ್ ಆಮ್ಲ 5 ಮಿಲಿ, ಡಿಸ್ಟಿಲ್ಡ್ ನೀರು 95 ಮಿಲಿ, ನೀರಿಗೆ ಆಮ್ಲ ಹಾಕಬೇಕು, ಅದೇ ದಿನ ಮಾಡಿದ್ದನ್ನೇ ಬಳಸಬೇಕು. ಬೆರೆಸದ ಬಾಟಲಿ ಪರೀಕ್ಷೆಯ ಕೋಣೆಯಲ್ಲೇ ಇರಬಾರದು. ಅವಸರದಲ್ಲಿ ಅದನ್ನೇ ಸವರಿದರೆ ಸುಡುತ್ತದೆ, ಅದು ಸಣ್ಣ ತಪ್ಪಲ್ಲ. ಸವರಿದ ಮೇಲೆ ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಕಾಯಬೇಕು. ಹೊರಗೆ ನಲವತ್ತು ಜನರ ಸಾಲು ಇದ್ದಾಗ ಆ ನಿಮಿಷ ಇಪ್ಪತ್ತು ಸೆಕೆಂಡಿಗೆ ಇಳಿಯುತ್ತದೆ, ಬೆಳ್ಳಗಾಗಬೇಕಾದದ್ದು ಬೆಳ್ಳಗಾಗುವ ಮೊದಲೇ ‘ನೆಗೆಟಿವ್’ ಅಂತ ಬರೆದಾಗಿರುತ್ತದೆ. ಪರೀಕ್ಷೆ ಮಾಡುವುದು ತರಬೇತಿ ಪಡೆದ ನರ್ಸ್, ನೀವಲ್ಲ. ನಿಮ್ಮ ಪ್ರಾಜೆಕ್ಟ್ ಬೇಕಿದ್ದರೆ ಆ ನಿಮಿಷವನ್ನೇ ಅಳೆಯಲಿ. ಸ್ಟಾಪ್‌ವಾಚ್ ಹಿಡಿದು ನೂರು ಪರೀಕ್ಷೆ, ಎಷ್ಟು ಸೆಕೆಂಡು ಕಾದರು. ಇದಕ್ಕಿಂತ ಉಪಯುಕ್ತವಾದ ಎರಡು ತಿಂಗಳ ಪ್ರಾಜೆಕ್ಟ್ ನನಗೆ ಸುಲಭವಾಗಿ ಹೊಳೆಯುವುದಿಲ್ಲ. ಅವರಿಗೆ ಮುಂಚೆಯೇ ಹೇಳಿ, ಅನುಮತಿ ಪಡೆದು ಮಾಡಿ. ಕದ್ದು ನೋಡುವ ಕೆಲಸ ಬೇಡ.

ಇನ್ನೊಂದು. ವಿಐಎಯಲ್ಲಿ ನೋಡಬೇಕಾದದ್ದು ಗರ್ಭಕೊರಳಿನ ಎರಡು ಬಗೆಯ ಒಳಚರ್ಮ ಸೇರುವ ಸಂಧಿ. ಮುಟ್ಟು ನಿಂತ ಮೇಲೆ ಅದು ಒಳಕ್ಕೆ ಸರಿದುಹೋಗಿರುತ್ತದೆ, ಕಾಣುವುದಿಲ್ಲ. ಕಾಣದಿದ್ದರೆ ಅದು ನೆಗೆಟಿವ್ ಅಲ್ಲ, ‘ನೋಡಲಾಗಲಿಲ್ಲ’. ಫಾರಂನಲ್ಲಿ ಆ ಮೂರನೇ ಚೌಕವೇ ಇಲ್ಲದಿದ್ದರೆ ಐವತ್ತೈದರ ಹೆಂಗಸರೆಲ್ಲ ಆರೋಗ್ಯವಂತರಾಗಿ ಛೇದಕ್ಕೆ ಸೇರಿಬಿಡುತ್ತಾರೆ.

ದೊಡ್ಡವರು ಇದನ್ನು ಹೇಗೆ ಮಾಡಿದರು ಅಂತ ನೋಡಬೇಕಾದರೆ ದೂರ ಹೋಗಬೇಕಿಲ್ಲ. ನಮ್ಮ ಕಲಬುರಗಿ, ಬೀದರಿಗೆ ಅಂಟಿಕೊಂಡಿರುವ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆ. ಡಾ. ಸಂಕರನಾರಾಯಣನ್ ಮತ್ತು ಸಂಗಡಿಗರು ಹಳ್ಳಿಗಳನ್ನು 52 ಗುಂಪು ಮಾಡಿ, 1,31,746 ಹೆಂಗಸರನ್ನು ನಾಲ್ಕು ದಾರಿಗೆ ಹಂಚಿದರು: ಎಚ್‌ಪಿವಿ ಪರೀಕ್ಷೆ (ಈ ಕ್ಯಾನ್ಸರ್ ತರುವ ವೈರಸ್ ಹುಡುಕುವುದು), ಪ್ಯಾಪ್ (ಗರ್ಭಕೊರಳಿನ ಕೋಶ ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು), ವಿಐಎ, ಮತ್ತು ಎಂದಿನ ವ್ಯವಸ್ಥೆ. 2009ರಲ್ಲಿ ಪ್ರಕಟವಾಯಿತು. ಎಚ್‌ಪಿವಿ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34, ಎಂದಿನ ವ್ಯವಸ್ಥೆಯಲ್ಲಿ 64. ವಿಐಎ ಗುಂಪಿನಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಅವರು ಎಣಿಸಿದ್ದು ಎಷ್ಟು ಕ್ಯಾನ್ಸರ್ ಹಿಡಿದೆವು ಅನ್ನುವುದನ್ನಷ್ಟೇ ಅಲ್ಲ, ಸಾವನ್ನೂ ಎಣಿಸಿದರು. ಬೇಗ ಹಿಡಿದರೆ ‘ರೋಗಿ ಹೆಚ್ಚು ವರ್ಷ ಬದುಕಿದ’ ಅಂತ ಯಾವಾಗಲೂ ಕಾಣುತ್ತದೆ, ಎಣಿಕೆ ಮೊದಲೇ ಶುರುವಾಯಿತಲ್ಲ. ಸಾಯುವ ದಿನ ಅದೇ ಇರಬಹುದು.

ಲ್ಯಾಬಿಗೆ ಹೋಗುವವರು ಇಷ್ಟು ಹೊತ್ತು ನಿದ್ದೆ ಮಾಡಿದ್ದರೆ ಏಳಿ. ನಿಮಗೆ ಸಿಗುವುದು ಬಹುತೇಕ ಎಂಟಿಟಿ, ಅಂದರೆ ಎಷ್ಟು ಕೋಶ ಬದುಕಿವೆ ಅಂತ ಬಣ್ಣದಿಂದ ಅಳೆಯುವ ಪರೀಕ್ಷೆ. ಯಾವುದೋ ಎಲೆಯ ರಸ, ಯಾವುದೋ ಕ್ಯಾನ್ಸರ್ ಕೋಶ, 96 ಗುಳಿಯ ಪ್ಲೇಟ್. ಪ್ರತಿ ಗುಳಿಗೆ 100 ಮೈಕ್ರೊಲೀಟರಿನಲ್ಲಿ 5,000 ಕೋಶ, ಒಂದು ರಾತ್ರಿ ಕೂರಲು ಬಿಟ್ಟು, ರಸ ಹಾಕಿ 48 ಗಂಟೆ. ಆಮೇಲೆ ಮಿಲಿಗೆ 5 ಮಿಲಿಗ್ರಾಮಿನ ಎಂಟಿಟಿ ದ್ರಾವಣ 10 ಮೈಕ್ರೊಲೀಟರ್, 37 ಡಿಗ್ರಿಯಲ್ಲಿ ಮೂರು ನಾಲ್ಕು ಗಂಟೆ. ಬದುಕಿರುವ ಕೋಶ ಹಳದಿಯನ್ನು ನೇರಳೆ ಹರಳು ಮಾಡುತ್ತದೆ. ಮೇಲಿನ ದ್ರವ ತೆಗೆದು, ಹರಳನ್ನು 100 ಮೈಕ್ರೊಲೀಟರ್ ಡಿಎಂಎಸ್‌ಒ ಅನ್ನುವ ದ್ರಾವಕದಲ್ಲಿ ಕರಗಿಸಿ, 570 ನ್ಯಾನೊಮೀಟರಿನಲ್ಲಿ ಓದುವುದು. ದ್ರವ ತೆಗೆಯುವಾಗ ಪಿಪೆಟ್ ತುದಿ ತಳಕ್ಕೆ ತಾಗಿದರೆ ಹರಳೂ ಹೋಗುತ್ತದೆ. ನಿಮ್ಮ ಕೈ ಕೊಂದದ್ದನ್ನು ಎಲೆಯ ರಸ ಕೊಂದಿತು ಅಂತ ಬರೆಯುತ್ತೀರಿ.

ಅಂಚಿನ 36 ಗುಳಿಗಳನ್ನು ಬಿಡಿ, ಬರೀ ಬಫರ್ ತುಂಬಿ. ಅಂಚಿನಲ್ಲಿ ನೀರು ಆವಿಯಾಗಿ ಸಂಖ್ಯೆ ಓರೆಯಾಗುತ್ತದೆ. ಉಳಿದ 60 ಬಳಸಿ. ಅವುಗಳಲ್ಲಿ ಕೋಶವಿಲ್ಲದೆ ರಸ ಮತ್ತು ಎಂಟಿಟಿ ಮಾತ್ರ ಇರುವ ಕೆಲವು ಗುಳಿ ಇರಲೇಬೇಕು. ಇದನ್ನು ಹತ್ತರಲ್ಲಿ ಒಂಬತ್ತು ಜನ ಮಾಡುವುದಿಲ್ಲ ಅಂತ ನನ್ನ ಅನುಮಾನ. ಸಸ್ಯದ ರಸದಲ್ಲಿ ಪಾಲಿಫಿನಾಲು, ವಿಟಮಿನ್ ಸಿ ಇರುತ್ತವೆ. ಅವು ಕೋಶದ ಹಂಗಿಲ್ಲದೆ ತಾವೇ ಎಂಟಿಟಿಯನ್ನು ನೇರಳೆ ಮಾಡುತ್ತವೆ. ಆಗ ರಸ ಹೆಚ್ಚಿಸಿದಂತೆ ಶೇ. 120 ಕೋಶ ಜೀವಂತ! ನೂರಕ್ಕೆ ನೂರಿಪ್ಪತ್ತು ಬದುಕಿದ ಪವಾಡ. ಅರಿಶಿನದ ಕರ್ಕ್ಯುಮಿನ್ ಹಿಡಿದವರಿಗೆ ಬೇರೆ ಕಾಟ, ಅದು ನೀರಿನಲ್ಲಿ ಕರಗದೆ ಗುಳಿಯ ತಳದಲ್ಲಿ ಪುಡಿಯಾಗಿ ಕೂರುತ್ತದೆ. ಕರಗಿಸಲು ಡಿಎಂಎಸ್‌ಒ ಹೆಚ್ಚು ಹಾಕಿದರೆ ಅದೇ ಕೋಶ ಕೊಲ್ಲುತ್ತದೆ. ಶೇ. 0.5 ದಾಟಬೇಡಿ, ರಸವಿಲ್ಲದ ಗುಳಿಗೂ ಅಷ್ಟೇ ಡಿಎಂಎಸ್‌ಒ ಹಾಕಿ. ಅದು ನಿಮ್ಮ ಛೇದ. ‘ಶೇಕಡಾ ಬದುಕಿದ್ದು’ ಅನ್ನುವಾಗ ನೀವು ಯಾವುದರಿಂದ ಭಾಗಿಸುತ್ತಿದ್ದೀರಿ? ಆ ಗುಳಿಯಿಂದ. ಅದು ಕೆಟ್ಟರೆ ಎಲ್ಲ ಕೆಟ್ಟಿತು.

ಒಂದೇ ಪ್ಲೇಟಿನಲ್ಲಿ ಅಕ್ಕಪಕ್ಕದ ಮೂರು ಗುಳಿ ಓದಿ ‘ಎನ್ ಈಕ್ವಲ್ ಟು ತ್ರೀ’ ಅಂತ ಬರೆಯಬೇಡಿ. ಒಂದೇ ಪಾತ್ರೆಯ ಸಾರನ್ನು ಮೂರು ಸೌಟು ರುಚಿ ನೋಡಿದಂತೆ ಅದು. ಬೇರೆ ಬೇರೆ ದಿನ, ಬೇರೆ ಫ್ಲಾಸ್ಕಿನಿಂದ, ಹೊಸದಾಗಿ ಮಾಡಿದರೆ ಮೂರು. ಹೆಪ್ಪುಗಟ್ಟಿಸಿಟ್ಟ ಕೋಶವನ್ನು ಕರಗಿಸಿ ಎಬ್ಬಿಸಲು ಎರಡು ವಾರ, ಕೋಶಗಳಿಗೆ ಸೋಂಕು ತಗಲಿಸುವ ಪುಟ್ಟ ಬ್ಯಾಕ್ಟೀರಿಯ ಮೈಕೊಪ್ಲಾಸ್ಮದ ಪರೀಕ್ಷೆ, ಭಾನುವಾರ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಖಾಲಿಯಾಗಿ ಸೋಮವಾರ ಕೋಶ ಬೆಳೆಸುವ ದ್ರವ, ಮೀಡಿಯಂ, ನೇರಳೆ ತಿರುಗಿರುವುದು, ಇವೆಲ್ಲ ಕಳೆದರೆ ಎರಡು ತಿಂಗಳಿಗೆ ಮೂರು ಒಳ್ಳೆಯ ಪ್ಲೇಟು ಸಿಕ್ಕರೆ ಪುಣ್ಯ. ಮೈಕೊಪ್ಲಾಸ್ಮ 0.22 ಮೈಕ್ರಾನ್ ಫಿಲ್ಟರನ್ನೂ ದಾಟುತ್ತದೆ, ಮೀಡಿಯಂ ಕಲಕುವುದಿಲ್ಲ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಮೊದಲ ದಿನವೇ ಪರೀಕ್ಷೆ ಮಾಡಿಸಿ. ಮತ್ತೆ ದಯವಿಟ್ಟು, ತಟ್ಟೆಯಲ್ಲಿ ಕೋಶ ಸತ್ತ ಕೂಡಲೇ ಪೇಪರಿನವರಿಗೆ ಫೋನ್ ಮಾಡಬೇಡಿ. ಉಪ್ಪು ಹೆಚ್ಚಾಗಿ ಹಾಕಿದರೂ ಆ ಕೋಶ ಸಾಯುತ್ತದೆ. ಕ್ಯಾನ್ಸರ್ ಅಲ್ಲದ ಕೋಶದ ಮೇಲೂ ಅದೇ ರಸ ಹಾಕಿ ನೋಡಿದಿರಾ?

ಚೀಟಿ ಬಂತು. ‘ಹತ್ತು ನಿಮಿಷ’ ಅಂತಿದೆ. ಚಿಕಿತ್ಸೆಯ ಭಾಗ ಪೂರ್ತಿ ಉಳಿದಿದೆ, ಓಡಿಸುತ್ತೇನೆ.

ಚಿಕಿತ್ಸೆಯ ಬಗ್ಗೆ ವಿದ್ಯಾರ್ಥಿ ಮಾಡಬಹುದಾದದ್ದು ಹಳೆಯ ಕೇಸ್ ಫೈಲ್. ಮೊದಲ ಲಕ್ಷಣ ಕಂಡ ದಿನ, ಮೊದಲ ವೈದ್ಯರನ್ನು ಕಂಡ ದಿನ, ಬಯಾಪ್ಸಿ ವರದಿ, ಚಿಕಿತ್ಸೆ ಶುರುವಾದ ದಿನ, ಈ ನಾಲ್ಕು ತಾರೀಖು ಹಿಡಿದರೆ ತಡ ಎಲ್ಲಿ ಆಯಿತು ಅಂತ ಗೊತ್ತಾಗುತ್ತದೆ. ಮೂರನೆಯದೂ ನಾಲ್ಕನೆಯದೂ ಸುಲಭ, ಮುದ್ರೆ ಬಿದ್ದಿರುತ್ತದೆ. ಮೊದಲನೆಯದು ‘ಆರು ತಿಂಗಳಿಂದ’ ಅಂತಿರುತ್ತದೆ. ಎಲ್ಲರಿಗೂ ಮೂರು, ಆರು, ಹನ್ನೆರಡು ತಿಂಗಳೇ, ಏಳು ತಿಂಗಳು ಯಾರಿಗೂ ಇಲ್ಲ. ಹಾಗಿರುವುದನ್ನು ಹಾಗೇ ಬರೆಯಿರಿ, ದಿನದ ಲೆಕ್ಕಕ್ಕೆ ತಿರುಗಿಸಿ 182.5 ಅನ್ನಬೇಡಿ.

ರೆಕಾರ್ಡ್ ರೂಮಿನಲ್ಲಿ ನೂರು ನಂಬರ್ ಕೊಟ್ಟರೆ ಎಪ್ಪತ್ತು ಫೈಲ್ ಸಿಗುತ್ತವೆ ಅನ್ನಿ. ಸಿಗದ ಮೂವತ್ತು ಯಾರವು? ಅರ್ಧಕ್ಕೆ ಚಿಕಿತ್ಸೆ ಬಿಟ್ಟವರದ್ದು, ತೀರಿಹೋದವರದ್ದು, ಕೋರ್ಟ್ ಕೇಸಿಗೆ ಹೋದವು ಅವುಗಳಲ್ಲೇ ಹೆಚ್ಚಿರಬಹುದು. ಸಿಕ್ಕ ಎಪ್ಪತ್ತರ ಮೇಲೆ ‘ಶೇ. 80 ಜನ ಚಿಕಿತ್ಸೆ ಪೂರ್ಣಗೊಳಿಸಿದರು’ ಅಂದರೆ, ಏನಾಯಿತು? ಹ್ಞಾಂ. ಹಿಂದಿನ ಸಾಲಿನಿಂದಲೇ ಉತ್ತರ ಬಂತು.

ಎಕ್ಸೆಲ್‌ನಲ್ಲಿ 05/06 ಅನ್ನುವುದು ಜೂನ್ ಐದೋ ಮೇ ಆರೋ ಕಂಪ್ಯೂಟರಿನ ಸೆಟ್ಟಿಂಗಿಗೆ ಬಿಟ್ಟದ್ದು. ದಿನ, ತಿಂಗಳು, ವರ್ಷ ಮೂರು ಕಾಲಂ ಮಾಡಿ. ಒಂದೇ ಕಾಲಂ ಆರಿಸಿ ಸಾರ್ಟ್ ಒತ್ತಿದರೆ ಒಬ್ಬರ ವಯಸ್ಸು ಇನ್ನೊಬ್ಬರ ಬಯಾಪ್ಸಿಗೆ ಅಂಟಿಕೊಳ್ಳುತ್ತದೆ, ಹಾಗೇ ಉಳಿಸಿ ಫೈಲ್ ಮುಚ್ಚಿದರೆ ವಾಪಸ್ ತರಲಾಗುವುದಿಲ್ಲ. ಮೂಲ ಫೈಲನ್ನು ಮುಟ್ಟದೆ ಬೇರೆ ಇಡಿ.

ರಿಜಿಸ್ಟ್ರಿಯ, ಅಂದರೆ ಕ್ಯಾನ್ಸರ್ ರೋಗಿಗಳ ದಾಖಲೆಪಟ್ಟಿಯ, ಡೇಟಾ ಬಳಸುವವರು ಇದ್ದೀರಿ. ಬೆಂಗಳೂರಿನ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ರಿಜಿಸ್ಟ್ರಿ ಕಿದ್ವಾಯಿಯಲ್ಲಿ 1982ರಲ್ಲಿ ಶುರುವಾದದ್ದು. ಅನಂತಪುರದಿಂದ ಕಿದ್ವಾಯಿಗೆ ಬಂದ ರೋಗಿ ಆಸ್ಪತ್ರೆಯ ರಿಜಿಸ್ಟ್ರಿಯಲ್ಲಿ ಇರುತ್ತಾರೆ, ಜನಸಂಖ್ಯೆಯದರಲ್ಲಿ ಇರುವುದಿಲ್ಲ. ಅದಕ್ಕೆ ಕನಿಷ್ಠ ಒಂದು ವರ್ಷ ಆ ಪ್ರದೇಶದಲ್ಲಿ ವಾಸ ಇರಬೇಕು. ಎರಡನ್ನೂ ಒಂದೇ ಕೋಷ್ಟಕಕ್ಕೆ ಹಾಕಬೇಡಿ. ಇನ್ನು ಲಕ್ಷಕ್ಕೆ ಇಷ್ಟು ಅನ್ನುವ ದರ ಇದೆಯಲ್ಲ, ಅದರ ಕೆಳಗಿನ ಲಕ್ಷ 2011ರ ಜನಗಣತಿಯಿಂದ ಮುಂದಕ್ಕೆ ಅಂದಾಜು ಮಾಡಿದ್ದು. 2021ರದ್ದು ಆ ವರ್ಷ ನಡೆಯಲೇ ಇಲ್ಲ. ನಮ್ಮ ಬೆಂಗಳೂರು ಅಷ್ಟರಲ್ಲಿ ಎಷ್ಟು ಊದಿದೆ ಅಂತ ಸಿಲ್ಕ್ ಬೋರ್ಡ್ ದಾಟಿ ಬಂದವರನ್ನು ಕೇಳಿ.

ಪೆಥಾಲಜಿಯವರಿಗೆ ಒಂದೇ ಸಾಲು: ಗಡ್ಡೆ ತೆಗೆದ ಸಮಯ, ಅದನ್ನು ಕೆಡದಂತೆ ಇಡುವ ಫಾರ್ಮಲಿನ್‌ಗೆ ಬಿದ್ದ ಸಮಯ, ಎರಡನ್ನೂ ಬಾಟಲಿಯ ಮೇಲೆ ಬರೆಸಿ. ಸ್ತನದ ಗಡ್ಡೆಯಲ್ಲಿ ಇಆರ್, ಹರ್-2 (ಯಾವ ಚಿಕಿತ್ಸೆ ಅಂತ ತೀರ್ಮಾನಿಸಲು ನೋಡುವ ಎರಡು ಪ್ರೋಟೀನ್) ನೋಡಬೇಕಾದರೆ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬೀಳಬೇಕು, 6ರಿಂದ 72 ಗಂಟೆ ಅದರಲ್ಲಿ ಇರಬೇಕು, ದೊಡ್ಡ ಗಡ್ಡೆಯನ್ನು ಹೋಳು ಮಾಡದೆ ಮುಳುಗಿಸಿದರೆ ನಡುವಿಗೆ ಅದು ಮುಟ್ಟುವುದೇ ಇಲ್ಲ. ನಿಮ್ಮ ಆಸ್ಪತ್ರೆಯ ಎಷ್ಟು ಬಾಟಲಿಗಳ ಮೇಲೆ ಎರಡೂ ಸಮಯ ಇದೆ ಅಂತ ಎಣಿಸುವುದೇ ಒಂದು ಪ್ರಾಜೆಕ್ಟ್.

ನೀತಿ ಸಮಿತಿಯ, ಅಂದರೆ ಎಥಿಕ್ಸ್ ಕಮಿಟಿಯ, ಬಗ್ಗೆ ಎರಡು ಪುಟ ಬರೆದುಕೊಂಡು ಬಂದಿದ್ದೆ, ಬಿಡುತ್ತೇನೆ. ಮೇ ತಿಂಗಳ ಕೆಲಸಕ್ಕೆ ಜನವರಿಯಲ್ಲೇ ಅರ್ಜಿ ಹಾಕಬೇಕು ಅನ್ನುವುದು ಮಾತ್ರ ಬರೆದುಕೊಳ್ಳಿ. ಸಮ್ಮತಿ ಪತ್ರದ ಕನ್ನಡವನ್ನು ನಿಮ್ಮ ಆಸ್ಪತ್ರೆಯ ಆಯಾ ಒಬ್ಬರಿಗೆ ಓದಿ ಹೇಳಿ, ಅವರು ವಾಪಸ್ ನಿಮಗೆ ವಿವರಿಸಲಿ. ಪಿ ವ್ಯಾಲ್ಯೂ ಬಗ್ಗೆ ನಿಮ್ಮ ಮೇಷ್ಟ್ರನ್ನೇ ಕೇಳಿ. ಪೈಲಟ್‌ನಲ್ಲಿ ಕಂಡ ಹತ್ತು ಜನರನ್ನು ಕೊನೆಯ ಲೆಕ್ಕಕ್ಕೆ ಸೇರಿಸಬೇಡಿ.

ಊಟಕ್ಕೆ ಸಾಲು ಕಟ್ಟುವ ಮುಂಚೆ ಈ ಮೇಜಿನ ಹತ್ತಿರ ಬನ್ನಿ. ಎರಡು ಕ್ಯಾಲಿಪರ್, ಸ್ಪಿರಿಟ್ ಹತ್ತಿ ಇಟ್ಟಿದ್ದೇನೆ. ಒಬ್ಬರು ಬಾಯಿ ತೆರೆಯಿರಿ, ಇಬ್ಬರು ಒಬ್ಬರಾದ ಮೇಲೆ ಒಬ್ಬರು ಅಳೆದು, ಪರಸ್ಪರ ತೋರಿಸದೆ ಈ ಹಾಳೆಯಲ್ಲಿ ಬರೆಯಿರಿ. ಎಷ್ಟು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ ಅಂತ ಊಟ ಆದ ಮೇಲೆ ನೋಡೋಣ. ಅಳೆಯಲು ಬರದೆ ನೇರ ಊಟಕ್ಕೆ ಹೋದವರು ಎಷ್ಟು ಜನ ಅಂತಲೂ ಬಾಗಿಲಲ್ಲಿ ಒಬ್ಬರು ಎಣಿಸುತ್ತಿರುತ್ತಾರೆ.